ಕಮಲಾಕರರಾಯರು ಪಿಕಪ್ ಎತ್ತರಿಸಿದ ಪ್ರಕರಣ

ಪಿಕಪ್ಪಿನ ಹೊಟ್ಟೆ ಸಂಡೂರು ರಸ್ತೆಯ ಕಲ್ಲಿಗೆ ಬಡಿಯುತ್ತದೆ ಎಂಬ ದೂರನ್ನು ಯಮುನಾಬಾಯಿಯವರು ಪತಿಯ ಸನ್ನಿಧಿಯಲ್ಲಿ ಮಂಡಿಸಿದ್ದು ದಿನಾಂಕ 10-10-2023ರ ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ. ಅಂದು ಏಕಾದಶಿ, ಹೊಸಪೇಟೆಯ ಆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಹೊಟ್ಟೆ ಖಾಲಿಯಾದಷ್ಟೂ ಕಮಲಾಕರರಾಯರ ಬುದ್ಧಿ ಚುರುಕಾಗುತ್ತಿತ್ತು. (ಮುಂದಿನ ಅನಾಹುತಕ್ಕೆ ಇದನ್ನೂ ಒಂದು ಕಾರಣವಾಗಿ ಬರೆದುಕೊಳ್ಳತಕ್ಕದ್ದು.)

“ಮೆಕ್ಯಾನಿಕ್ ಹುಸೇನಪ್ಪಗ ಹೇಳಿ ಹಿಂದಿನ ಕಮಾನ್ ಸ್ಪ್ರಿಂಗಿಗೆ ಎರಡು ಪ್ಲೇಟ್ ಹಾಕಸ್ರಿ. ಅಷ್ಟ ಸಾಕು,” ಎಂದರು ಯಮುನಾಬಾಯಿ.

“ಅಷ್ಟ ಸಾಕು ಅಂತ ಯಾರು ಹೇಳಿದ್ರು?”

“ಹನ್ನೆರಡು ವರ್ಷ ಗಾಡಿ ಓಡ್ಸೀನಿ. ನಾನ ಹೇಳ್ತೀನಿ.”

“ಓಡಸೋದು ಬ್ಯಾರೆ ಯಮುನಾ, ತಿಳಕೊಳ್ಳೋದು ಬ್ಯಾರೆ,” ಎಂದುಬಿಟ್ಟರು ರಾಯರು. ಈ ಒಂದು ವಾಕ್ಯವನ್ನು ಹಿಂದಕ್ಕೆ ಪಡೆಯಲು ಅವರು ಆಮೇಲೆ ಏನನ್ನು ಬೇಕಾದರೂ ಕೊಡಲು ಸಿದ್ಧರಿದ್ದರು. ಆದರೆ ಮಾತಿಗೆ ರಿವರ್ಸ್ ಗೇರ್ ಇಲ್ಲವಷ್ಟೆ.

ಅರವತ್ತೆಂಟರ ರಾಯರು ಮನೆಯಲ್ಲಿ ಕುಳಿತು, ಅರವತ್ತನಾಲ್ಕರ ಯಮುನಾಬಾಯಿಯವರು ಕಚ್ಚೆ ಸೀರೆಯಲ್ಲಿ ಪಿಕಪ್ ಓಡಿಸುವುದಕ್ಕೆ ಶಾಸ್ತ್ರಸಮ್ಮತವಾದ ಕಾರಣವಿತ್ತು. ಯಮುನಾಬಾಯಿಯವರ ತಾಯಿ, ತೊಂಬತ್ತೊಂದು ವರ್ಷದ ವೃದ್ಧೆ, ಸಂಡೂರಿನಲ್ಲಿ ಮಗ ಸುಮಧ್ವನ ಮನೆಯಲ್ಲಿದ್ದರು. ಏಕಾದಶಿಯ ಉಪವಾಸ ಮುಗಿಸಿ ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಕೂತರೆ, ಎಲೆಯ ಮೇಲಿನ ಪ್ರತಿಯೊಂದು ಅಗುಳೂ ತುಂಗಭದ್ರೆಯ ನೀರಿನಲ್ಲಿ ಬೆಂದಿರಬೇಕೆಂಬುದು ಅವರ ನೇಮ. ಸಂಡೂರಿನಲ್ಲಿ ಗುಡ್ಡವಿದೆ, ಅದಿರಿದೆ, ಬೋರ್‌ವೆಲ್ ಇದೆ, ತುಂಗಭದ್ರೆ ಇಲ್ಲ. ಆದ್ದರಿಂದ ತಿಂಗಳಿಗೆರಡು ಬಾರಿ, ಪ್ರತಿ ದಶಮಿಯಂದು, ಹಂಪಿಯ ಹೊಳೆಯಿಂದ ನಾಲ್ಕು ತಾಮ್ರದ ಹಂಡೆಗಳಲ್ಲಿ ಮಡಿನೀರು ಸಂಡೂರಿಗೆ ಹೋಗುತ್ತಿತ್ತು. ಓಣಿಯ ಇತರ ಮಡಿಯ ಮನೆಗಳಿಗೂ ಅದರಲ್ಲಿ ಪಾಲು.

ಮಡಿನೀರಿನ ಗಾಡಿಗೆ ಹೊರಗಿನ ಡ್ರೈವರ್ ಆಗಿಬರುವುದಿಲ್ಲ. ರಾಯರೋ, ಲೈಸೆನ್ಸಿನ ಪರೀಕ್ಷೆಯ ದಿನ ನೆಲದ ಮೇಲೆ ಬರೆದಿದ್ದ ಎಂಟರ ಅಂಕಿಯೇ ಅಳತೆಯಲ್ಲಿ ತಪ್ಪಿದೆಯೆಂದು ಅಧಿಕಾರಿಯೊಡನೆ ವಾದಿಸಿ ಅನುತ್ತೀರ್ಣರಾಗಿದ್ದವರು. ಕಡೆಗೆ ಯಮುನಾಬಾಯಿಯವರೇ ಕಲಿತು ದಿನಾಂಕ 19-9-2011ರಂದು ಲೈಸೆನ್ಸ್ ಪಡೆದರು. ಪಿಕಪ್ 1998ರದು, ರಾಯರ ನೀರಾವರಿ ಕಚೇರಿಯ ಹರಾಜಿನಲ್ಲಿ 2011ರ ಮಾರ್ಚ್ 7ರಂದು ಕೊಂಡದ್ದು. ಹಂಡೆಗಳನ್ನು ಅದರಿಂದ ಇಳಿಸುವ ಪದ್ಧತಿಯೇ ಇರಲಿಲ್ಲ. ತುಂಬಿರಲಿ ಬರಿದಾಗಿರಲಿ, ಮುಚ್ಚಳ ಹಾಕಿ, ಒಗೆದ ಬಟ್ಟೆ ಬಿಗಿದು, ಅವು ಅಲ್ಲಿಯೇ ನಿಂತಿರುತ್ತಿದ್ದವು. ರಾಯರು ಅವುಗಳಿಂದ ಒಂದು ಮೊಳ ದೂರವಿರಬೇಕೆಂಬುದು ಗೃಹಕಾನೂನು.

ಗಾಡಿ ಎತ್ತರಿಸುವುದಕ್ಕೆ ಮೊದಲು ಅದು ಈಗ ಎಷ್ಟು ಎತ್ತರವಿದೆ ಎಂದು ತಿಳಿಯಬೇಕಲ್ಲ? ಅಂಥ ಮಹತ್ಕಾರ್ಯವನ್ನು ಕಂಡ ಕಂಡ ದಿನ ಆರಂಭಿಸುವವರು ರಾಯರಲ್ಲ. ಹದಿನಾಲ್ಕು ದಿನ ಕಾದು ದಿನಾಂಕ 24-10-2023, ಮಂಗಳವಾರ, ವಿಜಯದಶಮಿಯ ಶುಭದಿನವನ್ನು ಗೊತ್ತುಮಾಡಿದರು. ದೀರ್ಘವಾದ ಪೂಜೆ ಮುಗಿಸಿ ಹತ್ತು ಗಂಟೆಗೆ ಉಕ್ಕಿನ ಟೇಪು, ತೂಗುಗುಂಡು, ಉದ್ದನೆಯ ನೋಟುಬುಕ್ಕು ಹಿಡಿದು ಅಂಗಳಕ್ಕೆ ಬಂದಾಗ ಯಮುನಾಬಾಯಿಯವರು ತುಳಸಿಕಟ್ಟೆಯ ಬಳಿ ಮಡಿಯಲ್ಲಿ ನಿಂತಿದ್ದರು.

“ಈಗ ಬ್ಯಾಡ್ರಿ! ನಾ ಸಂಡೂರಿಗೆ ಹೊಂಟೀನಿ.”

“ಹತ್ತು ನಿಮಿಷ. ಮುಹೂರ್ತ ಮೀರ್ತದ.”

“ನಾಳೆ ಅಳೀರಿ, ಏನಾಗ್ತದ?”

“ನಾಳೆ ಏಕಾದಶಿ. ವಿಜಯದಶಮಿ ಇರೂದು ಇವತ್ತ.”

“ಹಂಡೆ ಮುಟ್ಟಗಿಟ್ಟೀರಿ ಮತ್ತ!”

“ಹಂಡೆ ಸುದ್ದಿ ನನಗ್ಯಾಕ? ನನ್ನ ಕೆಲಸ ಚಕ್ರದ್ದು.”

ಅಳೆಯುವ ವಿಧಾನದಲ್ಲಿ ರಾಯರದು ಎಳ್ಳಷ್ಟೂ ತಪ್ಪಿರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಲೇಬೇಕು. ನೆಲದಿಂದ ಮಡ್‌ಗಾರ್ಡಿನವರೆಗೆ ಟೇಪು ಹಿಡಿಯುವುದು ತಿಳಿಗೇಡಿಗಳ ಪದ್ಧತಿ. ಟೈರಿನ ಗಾಳಿ ಇಳಿದರೂ, ಟೈರೇ ಬದಲಾದರೂ ಆ ಅಂಕಿ ಬದಲಾಗುತ್ತದೆ. ಚಕ್ರದ ನಡುವಿನ ಹಬ್ಬಿನ ಕೇಂದ್ರದಿಂದ ನೆಟ್ಟಗೆ ಮೇಲಕ್ಕೆ, ಮಡ್‌ಗಾರ್ಡಿನ ಅಂಚಿನವರೆಗೆ ಅಳೆದರೆ ಕಮಾನು ಎಷ್ಟು ಎತ್ತಿ ಹಿಡಿದಿದೆ ಎಂಬುದಷ್ಟೇ ಶುದ್ಧವಾಗಿ ತಿಳಿಯುತ್ತದೆ. ರಾಯರು ಹಿಂದಿನ ಚಕ್ರವನ್ನು ಮೂರು ಬಾರಿ ಹಾಗೆ ಅಳೆದು, ‘412 ಮಿ.ಮೀ.’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು. ಎರಡು ಗೆರೆ ಎಳೆದ ಅಂಕಿಯನ್ನು ಮತ್ತೆ ಪ್ರಶ್ನಿಸುವ ಅಭ್ಯಾಸ ಅವರಿಗೆ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ, ನವೆಂಬರ್ 16ರ ಗುರುವಾರ, ಮೆಕ್ಯಾನಿಕ್ ಹುಸೇನಪ್ಪ ತನ್ನ ಶೆಡ್ಡಿನಲ್ಲಿ ಕಮಾನಿಗೆ ಪ್ಲೇಟುಗಳನ್ನು ಕೂಡಿಸಿ ಕೆಲಸ ಮುಗಿಸಿದ. ರಾಯರು ಮತ್ತೆ ಟೇಪು ಹಿಡಿದರು. 518 ಮಿ.ಮೀ.! ಕಳೆದರೆ 106. ನಾಲ್ಕು ಇಂಚಿಗೂ ನಾಲ್ಕು ಮಿಲಿಮೀಟರ್ ಹೆಚ್ಚು!

ಹುಸೇನಪ್ಪ ತಲೆ ಕೆರೆದುಕೊಂಡ. “ನಾ ಕೂಡ್ಸಿದ್ದು ಎರಡಿಂಚಿಂದ್ರಿ ಸಾಹೇಬ್ರ. ನಾಕಿಂಚು ಎಲ್ಲಿಂದ ಬಂತು?”

“ಟೇಪು ಸುಳ್ಳು ಹೇಳೂದಿಲ್ಲ, ಹುಸೇನಪ್ಪ.”

“ಮೊದ್ಲು ಅಳದಾಗ ಗಾಡಿ ಖಾಲಿ ಇತ್ತೇನ್ರಿ?”

“ಮೂವತ್ತೇಳು ವರ್ಷ ನಾಕು ತಿಂಗಳು ನೀರಾವರಿ ಇಲಾಖೆಯೊಳಗ ಸರ್ವೇ ಮಾಡೀನಿ. ತುಂಬಿದ್ದು ಯಾವುದು, ಖಾಲಿ ಯಾವುದು ನನಗ ಗೊತ್ತಾಗೂದಿಲ್ಲೇನು?”

“ಹಂಗಲ್ರಿ ಸಾಹೇಬ್ರ… ಟೈರಾದ್ರೂ ಭಾಳ ದೊಡ್ಡದು ಬ್ಯಾಡ್ರಿ. ಹಳೇದು ಇಪ್ಪತ್ತೆಂಟಿಂಚು ಐತಿ. ಇಪ್ಪತ್ತೊಂಬತ್ತಕ್ಕ ನಿಲ್ಲಸ್ರಿ. ದೊಡ್ಡದು ಅಗಲನೂ ಇರತೈತಿ, ಲೋಡ್ ಬಿದ್ರ ಅಂಚಿಗೆ ಉಜ್ಜತೈತಿ.”

ರಾಯರು ನಸುನಕ್ಕು ನೋಟುಬುಕ್ಕು ಬಿಚ್ಚಿದರು. ಟೈರಿನ ಎತ್ತರ ಮೂವತ್ತೊಂದೂವರೆ ಇಂಚು ಮಾಡಿದರೂ ಹಬ್ಬಿನಿಂದ ಮೇಲಕ್ಕೆ ಬೆಳೆಯುವುದು ಅದರ ಅರ್ಧವಷ್ಟೆ, ಒಂದೂಮುಕ್ಕಾಲು ಇಂಚು. ಎತ್ತರಿಸಿದ್ದು ನಾಲ್ಕು. ಉಳಿಯುವುದು ಎರಡೂಕಾಲು ಇಂಚು ನಿಷ್ಕಂಟಕ ಜಾಗ. ಲೆಕ್ಕದ ಮುಂದೆ ಸೋತು ಹುಸೇನಪ್ಪ ಸ್ಪ್ಯಾನರ್ ಒರೆಸಿಟ್ಟ. ಕಂಪ್ಲಿಯಿಂದ ಮೂವತ್ತೊಂದೂವರೆಯ ನಾಲ್ಕು ಟೈರುಗಳು ಬಂದು, 18ರ ಶನಿವಾರ ಗಾಡಿಗೇರಿದವು.

ಯಮುನಾಬಾಯಿಯವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. “ನಾ ಹತ್ತೂದು ಹೆಂಗ್ರಿ? ಅಟ್ಟದ ಏಣಿ ಹಚ್ಚಲೇನು?”

“ಹದಿಮೂರಿಂಚಿನ ಸ್ಟೂಲು ಮಾಡಸೀನಿ. ಲೆಕ್ಕ ಹಾಕಿ.”

“ಹತ್ತಿದ ಮ್ಯಾಲೆ ಸ್ಟೂಲು ಒಳಗ ಕೊಡೋರು ಯಾರು?”

ಈ ಅಂಶ ಲೆಕ್ಕದಲ್ಲಿ ಸೇರಿರಲಿಲ್ಲ. ಆದ್ದರಿಂದಲೇ ನವೆಂಬರ್ 22ರ ಬುಧವಾರ, ದಶಮಿಯಂದು, ಹನ್ನೆರಡು ವರ್ಷಗಳಲ್ಲಿ ಮೊಟ್ಟಮೊದಲ ಬಾರಿಗೆ ರಾಯರು ತಾವೂ ಮಡಿಯುಟ್ಟು, ಸ್ಟೂಲಿನ ಉಸ್ತುವಾರಿಗೆಂದು ಗಾಡಿಯಲ್ಲಿ ಕೂತರು. ಬರಲಿದ್ದುದು ಉತ್ಥಾನ ದ್ವಾದಶಿ. ಅತ್ತೆಯವರ ಪಾಲಿಗೆ ವರ್ಷದಲ್ಲೇ ದೊಡ್ಡ ಪಾರಣೆ. ಹಂಪಿಯ ಹೊಳೆಯಲ್ಲಿ ಮಡಿಯ ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಇಪ್ಪತ್ತನಾಲ್ಕು ಕೊಡ ದಾಟಿಸಿದರು. ಗಾಡಿ ಹಿಂಬದಿಯಲ್ಲಿ ಮೆಲ್ಲನೆ ಕುಸಿಯಿತು. ರಾಯರು ಆಗ ಮುಂದೆ ಕೂತು ಸ್ಟೂಲನ್ನು ಒರೆಸುತ್ತಿದ್ದರು.

ಹೊಸಪೇಟೆ ದಾಟಿ ಸಂಡೂರಿನ ಏರು ಹಿಡಿದಾಗ ಯಮುನಾಬಾಯಿಯವರ ಮೂಗು ಅರಳಿತು.

“ಏನೋ ಸುಟ್ಟ ವಾಸನಿ ಬರ್ಲಿಕತ್ತದ.”

“ಹೊಸಾ ರಬ್ಬರು. ಹಂಗ ಇರ್ತದ.”

“ಉಜ್ಜಲಿಕತ್ತದ್ರಿ. ಸಪ್ಪಳ ಕೇಳ್ರಿ.”

“ಉಜ್ಜಾಕ ಸಾಧ್ಯನ ಇಲ್ಲ. ಎರಡೂಕಾಲು ಇಂಚು ಜಾಗ ಅದ ಅಲ್ಲೆ.”

ಆ ಎರಡೂಕಾಲು ಇಂಚಿನಲ್ಲಿಯೇ, ಒಂಬತ್ತು ಐವತ್ತೆರಡಕ್ಕೆ ಸರಿಯಾಗಿ, ಎಡಗಡೆಯ ಹಿಂದಿನ ಟೈರು ಢಮಾರೆಂದಿತು. ಮಡ್‌ಗಾರ್ಡಿನ ಅಂಚು ಅದನ್ನು ಹಲಸಿನ ಹಣ್ಣಿನಂತೆ ಸೀಳಿತ್ತು.

ಹಳೆಯ ಜಾಕು ಹೊಸ ಎತ್ತರಕ್ಕೆ ಮುಟ್ಟಲಿಲ್ಲ. ಕೆಳಗೆ ಕಲ್ಲು ಕೊಟ್ಟರೆ, ಭಾರಕ್ಕೆ ಓಲಾಡಿತು. ಅದಿರಿನ ಲಾರಿಯವರಿಬ್ಬರು ಪಾಪ, ನಿಲ್ಲಿಸಿ ಇಳಿದು ಬಂದರು. “ಹಂಡೆ ಇಳಸ್ತೀವಿ ಬಿಡ್ರಿ ಅಜ್ಜಾರ” ಎಂದರು. ಅವರು ಮುಟ್ಟಿದರೆ ಮಡಿ ಹೋಯಿತು. ತೊಂಬತ್ತು ಕಿಲೋ ತೂಗುವ ಹಂಡೆಯನ್ನು ರಾಯರು ಮುಟ್ಟಿದರೆ ರಾಯರೇ ಹೋದರು.

ಯಮುನಾಬಾಯಿಯವರು ಸ್ವಲ್ಪ ಹೊತ್ತು ರಸ್ತೆಯ ಎರಡೂ ಕಡೆ ನೋಡಿದರು. ಬಳಿಕ ಸೆರಗು ಸಿಕ್ಕಿಸಿ ಗಾಡಿಯ ಹಿಂಬದಿಗೆ ಹತ್ತಿದರು. “ಚೆಲ್ಲಬೇಕು,” ಎಂದರು, ಅಷ್ಟೇ.

ಏನು ಮಾಡಲೂ ತೋಚದೆ ರಾಯರು ಬಲಗಡೆಯ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಸೊಂಟದಲ್ಲಿದ್ದ ಟೇಪು ಎಳೆದರು. 462. ಅವರ ಹುಬ್ಬು ಗಂಟಿಕ್ಕಿತು. ನೋಟುಬುಕ್ಕಿನಲ್ಲಿ 518 ಇತ್ತಲ್ಲ? ಮೇಲೆ ಮೊದಲನೆಯ ಹಂಡೆ ವಾಲಿತು. ನೀರು ಧಾರೆಯಾಗಿ ಕೆಂಪು ಮಣ್ಣಿಗಿಳಿಯಿತು. 476. ಎರಡನೆಯದು. 490. ಮೂರನೆಯ ಹಂಡೆಗೆ 504. ನಾಲ್ಕನೆಯದು ಬರಿದಾದಾಗ ಅವರು ಟೇಪು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

“ಮೊದ್ಲ ಅಳದದ್ದು ಯಾವತ್ರಿ?” ಮೇಲಿನಿಂದ ಧ್ವನಿ ಬಂತು.

“ಇಪ್ಪತ್ನಾಕು, ಹತ್ತು, ಇಪ್ಪತ್ಮೂರು. ಮಂಗಳವಾರ. ವಿಜಯದಶಮಿ.”

“ವಿಜಯದಶಮಿ ಯಾವ ತಿಥಿಗೆ ಬರ್ತದ?”

ದಶಮಿಗೆ; ದಶಮಿಯೆಂದರೆ ನೀರಿನ ದಿನ. ಅಂದು ಬೆಳಗಿನ ಜಾವವೇ ಆಕೆ ಹೊಳೆಗೆ ಹೋಗಿ ಬಂದಿದ್ದರು. ನಾಲ್ಕು ಹಂಡೆ ತುಂಬಿ ನಿಂತ ಗಾಡಿಯನ್ನು ರಾಯರು ಬರಿಗಾಡಿಯೆಂದು ಅಳೆದಿದ್ದರು. ನಾಲ್ಕು ಇಂಚಿನಲ್ಲಿ ಎರಡು ಇಂಚು ಹುಸೇನಪ್ಪನದು. ಉಳಿದ ಎರಡು ಇಂಚು ಈಗ ಅವರ ಕಾಲ ಬುಡದಲ್ಲಿ ಕೆಸರಾಗಿ ಹರಿಯುತ್ತಿತ್ತು.

ಸಣ್ಣ ಸ್ಟೆಪ್ನಿಯ ಮೇಲೆ ಎಡಕ್ಕೆ ವಾಲಿಕೊಂಡು ಗಾಡಿ ಸಂಡೂರು ಸೇರಿತು. ಸುಮಧ್ವ ಸಮಾಧಾನ ಹೇಳಿದ: “ಬೋರಿನ ನೀರಿಗೆ ಮಂತ್ರ ಹೇಳಿ ತುಳಸಿ ಹಾಕಿದ್ರ ಆತಲ್ಲಮ್ಮ.” ಅತ್ತೆಯವರು ಕೋಪಗೊಳ್ಳಲಿಲ್ಲ. “ನೀವೆಲ್ಲಾ ಊಟ ಮಾಡ್ರಿ. ನನಗ ಒಂದುದ್ಧರಣಿ ತೀರ್ಥ ಸಾಕು,” ಎಂದು ಜಪಮಾಲೆ ಕೈಗೆತ್ತಿಕೊಂಡರು. ದಶಮಿಗೆ ಒಪ್ಪತ್ತು, ಏಕಾದಶಿಗೆ ನಿರಾಹಾರ, ದ್ವಾದಶಿಗೂ ಇಲ್ಲವೆಂದರೆ ತೊಂಬತ್ತೊಂದರ ದೇಹ ಏನಾಗಬೇಕು? ರಾಯರಿಗೆ ಆ ಲೆಕ್ಕವೊಂದನ್ನು ಮಾಡುವ ಧೈರ್ಯವಾಗಲಿಲ್ಲ.

ಸಂಜೆಗೆ ಹುಸೇನಪ್ಪ ಹಳೆಯ ಟೈರುಗಳನ್ನು ಹೇರಿಕೊಂಡು ಬಂದು ಬದಲಾಯಿಸಿಕೊಟ್ಟ. ‘ನಾ ಹೇಳಿದ್ದೆ’ ಎಂಬ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ರಾಯರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ, ಏಕಾದಶಿಯ ಮುಂಜಾನೆ, ಯಮುನಾಬಾಯಿಯವರು ಒಂದು ಹನಿ ನೀರೂ ಕುಡಿಯದೆ ಮತ್ತೆ ಹಂಪಿಗೆ ಹೊರಟರು. ರಾಯರೂ ಮಡಿಯುಟ್ಟು ನಿಂತರು.

“ನೀವು ಬ್ಯಾಡ್ರಿ. ಸುಮಧ್ವ ಬರ್ತಾನ. ಇಲ್ಲೇ ಅಮ್ಮನ ಹತ್ರ ಕುಂದ್ರಿ.”

ಅವರು ಕುಂತರು. ಬೆಳಿಗ್ಗೆಯಿಂದ ಸಂಜೆಯವರೆಗೆ, ಮಾತಿಲ್ಲದ ಅತ್ತೆಯವರ ಎದುರು, ಒಂದೊಂದೇ ಮಣಿ ಜರುಗುವುದನ್ನು ನೋಡುತ್ತ. ನಾಲ್ಕೂ ಹತ್ತಕ್ಕೆ ಗಾಡಿ ಬಂದು ನಿಂತಿತು. ನಾಲ್ಕು ಹಂಡೆ ಹೊತ್ತಿದ್ದರೂ, ಎರಡೇ ಇಂಚು ಎತ್ತರಿಸಿ ಹಳೆಯ ಟೈರು ತೊಡಿಸಿದ ಆ ಗಾಡಿ ಸಮಪಾತಳಿಯಲ್ಲಿ, ಪಟ್ಟದಾನೆಯಂತೆ ನಿಂತಿತ್ತು. ಅಕ್ಟೋಬರ್ ಹತ್ತರಂದು ಆಕೆ ಕೇಳಿದ್ದು ಇಷ್ಟನ್ನೇ. ಯಮುನಾಬಾಯಿಯವರು ಇಳಿದು, ಒಂದೆರಡು ಗಳಿಗೆ ಕಂಬ ಹಿಡಿದು ಕಣ್ಣು ಮುಚ್ಚಿ ನಿಂತರು. ‘ತಪ್ಪಾತು ಯಮುನಾ’ ಎನ್ನಬೇಕೆಂದು ರಾಯರು ಹತ್ತಿರ ಹೋದರು.

“ಗಾಡಿ ಸಮ ನಿಂತದ,” ಎಂದರು.

“ಹೂಂ,” ಎಂದರು ಆಕೆ.

24ರ ಶುಕ್ರವಾರ, ಸೂರ್ಯೋದಯಕ್ಕೆಲ್ಲ ಪಾರಣೆಯಾಯಿತು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಹೆಸರುಬೇಳೆಯ ಪಾಯಸ, ಎಲ್ಲವೂ ತುಂಗಭದ್ರೆಯ ನೀರಿನಲ್ಲಿ. ಅತ್ತೆಯವರು ಎರಡನೆಯ ಸಲ ಪಾಯಸ ಹಾಕಿಸಿಕೊಂಡದ್ದನ್ನು ಕಂಡು ರಾಯರ ಎದೆಯ ಮೇಲಿನ ಬಂಡೆ ಇಳಿಯಿತು. ಆಗ ಅತ್ತೆಯವರು ಕೇಳಿದರು:

“ಮುಂದಿನ ಏಕಾದಶಿ ಯಾವಾಗವಾ, ಯಮುನಾ?”

ಪ್ರತಿ ಪಾರಣೆಯಲ್ಲೂ ಈ ಪ್ರಶ್ನೆ ಬಂದದ್ದು ಅಳಿಯನಿಗೇ. ಅವರು ಹೊಸಪೇಟೆಯಲ್ಲಿದ್ದರೆ ಫೋನಿನಲ್ಲಾದರೂ ಬರುತ್ತಿತ್ತು. ಇಂದು ಪಕ್ಕದ ಎಲೆಯಲ್ಲೇ ಕೂತಿದ್ದರೂ ಬರಲಿಲ್ಲ.

“ಡಿಸೆಂಬರ್ ಎಂಟು, ಶುಕ್ರವಾರ. ಗುರುವಾರ ನೀರು ತರ್ತೀನಿ.”

ರಾಯರ ತುತ್ತು ಅರ್ಧದಲ್ಲಿ ನಿಂತಿತು. ತಪ್ಪು! ಶುಕ್ರವಾರ ಅರುಣೋದಯಕ್ಕೆ ಕೆಲವೇ ನಿಮಿಷ ದಶಮಿ ಉಳಿದಿರುತ್ತದೆ. ಮಾಧ್ವರಿಗೆ ಅಂದು ಉಪವಾಸ ಸಲ್ಲದು, ಶನಿವಾರವೇ. ಅವರು ಗಂಟಲು ಸರಿಪಡಿಸಿಕೊಂಡರು.

“ಶನಿವಾರ, ಅತ್ತೆ. ಒಂಬತ್ತನೇ ತಾರೀಖು. ಶುಕ್ರವಾರ ನಸುಕಿನ್ಯಾಗ ಇನ್ನಾ ದಶಮಿ ಇರ್ತದ.”

ಪಂಕ್ತಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ಸುಮಧ್ವ ಪಲ್ಯದಲ್ಲಿ ಏನನ್ನೋ ಹುಡುಕುತ್ತಿದ್ದ. ಅತ್ತೆಯವರು ಬಹಳ ಮರ್ಯಾದೆಯಿಂದ ಹೇಳಿದರು:

“ಇರ್ಲಿ ಬಿಡ್ರಿ ಅಳಿಯಂದಿರ. ದಶಮಿ ವಿಷಯ ಮಾತ್ರ ನೀವು ಹೇಳಬ್ಯಾಡ್ರಿ.”

ಶುಕ್ರವಾರವೇ ಎಂದು ನಿಶ್ಚಯವಾಯಿತು. ರಾಯರೋ, ಶುಕ್ರವಾರ ಎಲ್ಲರೊಡನೆ, ಶನಿವಾರ ತಾವೊಬ್ಬರೇ, ಎರಡೂ ದಿನ ಉಪವಾಸ ಮಾಡಿಬಿಡುವುದೆಂದು ಮನಸ್ಸಿನಲ್ಲಿಯೇ ಸಂಕಲ್ಪಿಸಿ, ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು.