ಬಂದ್ನಿ ಅಂದ್ರ ಎಷ್ಟು ಹೊತ್ತು?

ಟೆಂಪೊ ಹೊಡಿಯಾವಗ ದಿನಾ ಒಂದಿಲ್ಲೊಂದು ಫಜೀತಿ. ಮನಿಯಾಕಿ ತೀರಿಕೊಂಡ ಮ್ಯಾಲೆ ಹೇಳಾಕ ಯಾರಿಲ್ಲ. ಅದಕ್ಕ ಬರದೇನಿ.

ತಿಕೋಟಾದ ದ್ರಾಕ್ಷಿ ಜ್ಯೂಸ್ ಕಾರ್ಖಾನಿ ಮಾಲು ಅಂಗಡಿಗೋಳಿಗೆ ಮುಟ್ಟಸ್ತೇನಿ. ಹೊರರಾಜ್ಯದಿಂದ ಹೊಸಾ ಸಾಹೇಬ್ರು ಬಂದ್ರು, ಕನ್ನಡ ಈಗೀಗ ಕಲ್ತವರು. ಮಾಲು ಹೊತ್ತಿಗೆ ಮುಟ್ಟತೈತೊ ಇಲ್ಲೊ, ಅಳತಿ ಮಾಡೂದು ಅವರ ಕೆಲಸ. ತಡಾ ಆದ್ರ ಕೆಂಪು ಚುಕ್ಕಿ. ಮೂರು ಬಿದ್ರ ಗಾಡಿ ಬಂದ್. ಗಾಡಿ ಹ್ವಾದ್ರ ಹಗಲೆಲ್ಲಾ ಆ ಖಾಲಿ ಮನ್ಯಾಗ ಹ್ಯಾಂಗ ಕುಂದ್ರಲಿ?

ಮೊದಲನೇ ಚುಕ್ಕಿ

ವಿಜಯಪುರದಾಗ ಸಿದ್ಧೇಶ್ವರ ಗುಡಿ ಹತ್ರ ಕಾಯಿಪಲ್ಯೆ ಗಾಡಿಗೋಳ ನಡುವ ಸಿಕ್ಕೊಂಡಿದ್ದೆ. ಸಾಹೇಬ್ರ ಫೋನು. "ಎಲ್ಲಿದ್ದೀರಿ?"

"ಬಂದ್ನಿ ನೋಡ್ರಿ!"

ಅವರು ಕಂಪ್ಯೂಟರಿನ್ಯಾಗ 'ಬಂತು' ಅಂತ ಹಾಕಿದ್ರು. ಅರ್ಧಾ ತಾಸಿಗೆ ಅಂಗಡಿಯವ ಅವರಿಗೆ ಫೋನ್ ಮಾಡಿದ. "ಮಾಲೆಲ್ರಿ?"

"ಗಾಡಿ ಆಗಲೇ ಬಂದೈತಲ್ಲ!"

"ಬಂದಿದ್ರ ಕಾಣತಿದ್ದಿಲ್ಲೇನ್ರಿ? ಟೆಂಪೊ ಐತೊ, ಸೊಳ್ಳಿ ಐತೊ?"

ಎರಡನೇದು

ಆಮ್ಯಾಲೆ ಸಾಹೇಬ್ರು ನನ್ನ ಕೇಳೂದು ಬಿಟ್ರು, ಅಂಗಡಿಯವರನ್ನ ಕೇಳಾಕತ್ತಿದ್ರು. ಬಬಲೇಶ್ವರದ ಅಂಗಡಿಯಮ್ಮನ ಮಗಳು ಹಡಿಯಾಕ ತವರಿಗೆ ಬಂದಿದ್ಲು.

"ಡೆಲಿವರಿ ಆಯ್ತಾ?" ಅಂದ್ರು ಸಾಹೇಬ್ರು.

"ಆತ್ರಿ ಯಪ್ಪಾ! ಹೇಳಿದ ದಿನಕ್ಕಿಂತ ಒಂದು ವಾರ ತಡಾ."

ಕೂಸು ಆಕಿಗೆ, ಚುಕ್ಕಿ ನನಗ.

ಮೂರನೇದು

"ನಾಳೆ ಒಂಬತ್ತಕ್ಕ ಬಬಲೇಶ್ವರಕ್ಕ ನಾನೇ ಬಂದು ನೋಡ್ತೇನಿ. ತಡಾ ಆದ್ರ ಮುಗೀತು," ಅಂದ್ರು ಸಾಹೇಬ್ರು.

ರಾತ್ರಿ ನಿದ್ದಿ ಹತ್ತಲಿಲ್ಲ. ಮನಿಯಾಕಿ ಇದ್ದಾಗ ತಿಕೋಟಾದಿಂದನ ಮನಿಗೆ 'ಬಂದ್ನಿ' ಅಂತ ಫೋನ್ ಮಾಡ್ತಿದ್ದೆ. ಆಕಿ ಆಗ ಹಿಟ್ಟು ನಾದಾಕ ಕುಂದ್ರತಿದ್ಲು. ನಾ ಬಾಗಲಕ್ಕ ಬರೂದು, ರೊಟ್ಟಿ ಹಂಚಿನಿಂದ ಇಳಿಯೂದು ಕೂಡೇ. ಒಮ್ಮಿನೂ ತಪ್ಪಲಿಲ್ಲ.

ಒಂಬತ್ತರೊಳಗ ಮಾಲು ಇಳಿಸಿ ಅಂಗಡಿ ಮುಂದ ನಿಂತೆ. ಒಂಬತ್ತಾತು. ಸಾಹೇಬ್ರಿಲ್ಲ. ನನಗಽ ಅಂಜಿಕಿ, ಊರೇ ತಪ್ಪಿ ಬಂದೇನೇನು ಅಂತ. ಫೋನ್ ಹಚ್ಚಿದೆ. "ಎಲ್ಲಿದ್ದೀರ್ರಿ ಸಾಹೇಬ್ರ?"

"ಬಂದ್ನಿ, ಬಂದ್ನಿ!"

ಫೋನಿನ್ಯಾಗ ತಂಬಿಗಿ ಸಪ್ಪಳ. ಮೈಮ್ಯಾಲೆ ನೀರು ಸುರಕೋತಿದ್ರು.

ಹತ್ತೂವರಿಗೆ ಬಂದ್ರು. ತಲಿ ಇನ್ನೂ ಹಸಿ. ನನ್ನ ಮಾರಿ ನೋಡಿ ಮೆಲ್ಲಕ ಕೇಳಿದ್ರು. "ಈ ಬಂದ್ನಿ ಅಂದ್ರ ಎಷ್ಟು ಹೊತ್ತ್ರಿ?"

"ನಮ್ಮಾಕಿಗಷ್ಟ ಗೊತ್ತಿತ್ರಿ ಸಾಹೇಬ್ರ."

ಮೊಬೈಲ್ ತಗದು ಎರಡೂ ಚುಕ್ಕಿ ಅಳಿಸಿದ್ರು.

ಅಷ್ಟರಾಗ ಅಂಗಡಿಯಮ್ಮ ಮೊಮ್ಮಗನ್ನ ಎತ್ತಿಕೊಂಡು ಹೊರಗ ಬಂದ್ಲು. ಸಾಹೇಬ್ರನ್ನ ನೋಡಿ, ಗಡಿಯಾರ ನೋಡಿದ್ಲು.

"ಬರ್ರಿ ಯಪ್ಪಾ! ನಿಮ್ಮ ಡೆಲಿವರಿನೂ ತಡಾ ಆತಲ್ರಿ!"