ತಂಗೂಸಿ ಕೊಳ್ಳಲು ಗಂಡಸು ಬೇಕು

ನಾನು ಔರಾದಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ರವಿವಾರ ಬಂದರೆ ಗಾಳ ಹಾಕುವವಳು. ಮೀನು ಹಿಡಿಯುವುದನ್ನು ತವರೂರು ಮೆಹಕರದಲ್ಲಿ ಅಪ್ಪ ಕಲಿಸಿದ. ಅದರಲ್ಲಿ ನನಗೇನೂ ತಿಳಿಯದು ಎಂಬುದನ್ನು ಉಳಿದವರೆಲ್ಲ ಸೇರಿ ಕಲಿಸುತ್ತಿದ್ದಾರೆ. ಇಂಥ ಗುರುಗಳ ಬರ ನನಗೆ ಎಂದೂ ಬಂದಿಲ್ಲ.

ಗಟ್ಟಿ ಕೈ

ಬೀದರಿನ ಒಂದು ಅಂಗಡಿಗೆ ತಂಗೂಸಿ, ಅಂದರೆ ಗಾಳದ ನೈಲಾನ್ ದಾರ, ತರಲು ಹೋಗಿದ್ದೆ. ಬೈಕ್ ಓಡಿಸಲು ಗಂಡ ಬಂದಿದ್ದ. ಅವನು ಮೀನನ್ನು ಕಂಡಿದ್ದು ತಾಟಿನಲ್ಲಿ ಮಾತ್ರ.

"ಹೊಸಾ ಮಾಲು ಕೊಡ್ರಿ, ತೆಳ್ಳಂದು," ಅಂದೆ.

ಅಂಗಡಿಯವ ಗಂಡನ ಕಡೆ ತಿರುಗಿದ. "ಯಾವ ಮೀನಿಗಿ ಬೇಕ್ರಿ ಸಾಹೇಬ್ರ?"

ಗಂಡ ನನ್ನ ಮುಖ ನೋಡಿದ. "ರೋಹುಗ್ರಿ," ಅಂದೆ ನಾನು.

"ರೋಹು ಅಂದ್ರ ಇದೇ ಒಯ್ರಿ ಸಾಹೇಬ್ರ, ಹರಿಯೋ ಮಾತೇ ಇಲ್ಲ," ಎಂದು ಬಾಗಿಲಿಗೆ ನೇತುಹಾಕಿದ್ದ ರೀಲನ್ನು ಗಂಡನ ಕೈಗಿಟ್ಟ. ಬೇಸಿಗೆಯಿಡೀ ಬಿಸಿಲು ತಿಂದ ನೈಲಾನು. ಒಂದು ಮೊಳ ಎಳೆದು, ಗಂಟು ಹಾಕಿ ಜಗ್ಗಿದೆ. ಪಟ್ಟನೆ ಹರಿಯಿತು.

ಅಂಗಡಿಯವ ಗಂಡನಿಗೆ ಮೆಲ್ಲಗೆ ಹೇಳಿದ: "ಬಾಯಿಯವರ ಕೈ ಭಾಳ ಗಟ್ಟಿ ಅದರಿ. ಮನ್ಯಾಗ ಹುಷಾರಿರ್ರಿ."

ಕೊನೆಗೆ ಒಳಗಿನ ಡಬ್ಬಿಯಲ್ಲಿದ್ದ ಒಳ್ಳೆ ಮಾಲನ್ನು ನಾನೇ ಆರಿಸಿಕೊಂಡೆ.

ಮೀನಿನ ಚಷ್ಮಾ

ಆ ರೀಲು ನನ್ನ ಬ್ಯಾಗಿನಲ್ಲಿರುವುದನ್ನು ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ಕಂಡರು. "ಮಲ್ಲಿಗಿ ಪೋಣಿಸ್ಲಾಕೇನ್ರಿ ಮೇಡಂ?"

"ಮೀನ ಹಿಡೀಲಾಕ್ರಿ."

"ಹಂಗಾದ್ರ ದಪ್ಪಂದು ತರಬೇಕಿತ್ತು. ದಾರ ದಪ್ಪಿದ್ದಷ್ಟು ಛಲೋ."

"ನೀರು ತಿಳಿ ಇದ್ದಾಗ ದಪ್ಪ ದಾರ ಮೀನಿಗಿ ಕಾಣಸ್ತದ ಸರ್. ಗಾಳದ ಹತ್ರಾನೇ ಬರಂಗಿಲ್ಲ."

"ಮೀನೇನು ಚಷ್ಮಾ ಹಾಕ್ಕೊಂಡದೇನ್ರಿ?"

ಎಲ್ಲರೂ ನಕ್ಕರು. ಆ ಪೀರಿಯಡ್ ಪೂರ್ತಿ ಅವರು ದಾರದ ಬಲ ಹೇಗೆ ಲೆಕ್ಕ ಹಾಕಬೇಕೆಂದು ನನಗೆ, ಗಣಿತದವಳಿಗೆ, ಪಾಠ ಮಾಡಿದರು.

"ನೀವು ಎಲ್ಲಿ ಮೀನ ಹಿಡೀತೀರಿ ಸರ್?" ಅಂತ ಕೇಳಿದೆ.

"ಛೇ ಛೇ! ನನಗ ಈಜು ಬರಂಗಿಲ್ರಿ. ನೀರಿನ ಕಡಿ ನಾ ಹೋಗೋದೇ ಇಲ್ಲ."

ಒಣ ಗಂಟು

ಮೊಣಕಾಲು ಸೋತ ಅಪ್ಪ ಈಗ ನೀರಿಗಿಳಿಯಲಾರ. "ಒಂದು ದೊಡ್ಡ ರೋಹು ನೀನೇ ಹಿಡದು ತಂದು ತೋರಿಸು," ಅಂದಿದ್ದ. ಗಂಡನ ಬೈಕಿನಲ್ಲಿ ಭಾಲ್ಕಿ ಕಡೆಯ ಹಿನ್ನೀರಿಗೆ ಹೊರಟೆ. ಹಿಂದಿನ ದಿನ ಗಂಡ, ಗೆಳೆಯನ ಸಲಹೆ ಕೇಳಿ, ನನಗೆ ಹೇಳದೆಯೇ ಗಾಳವನ್ನು ಬಿಚ್ಚಿ "ಇನ್ನಾ ಗಟ್ಟಿ" ಕಟ್ಟಿಟ್ಟಿದ್ದ.

ಮೀನು ಕಚ್ಚಿತು. ಕೋಲು ಬಿಲ್ಲಿನಂತೆ ಬಾಗಿತು. ಬೆಳ್ಳಿಯಂಥ ಬೆನ್ನೊಂದು ಹೊಳೆಯಿತು, ಅಷ್ಟೇ. ದಾರ ಗಂಟಿನ ಹತ್ತಿರ ಹರಿದು, ಸಡಿಲಾಗಿ ಖಾಲಿ ಬಂತು. ಗಾಳ ತಾನು ಕಟ್ಟಿದ್ದೆಂದು ಗಂಡ ಆಗ ಬಾಯಿಬಿಟ್ಟ.

"ಗಂಟು ಬಿಗಿಯೋ ಮುಂದ ಉಗುಳು ಹಚ್ಚಿ ಹಸಿ ಮಾಡಿದ್ರಿಲ್ಲೋ?" ಅಂದೆ.

"ಇಲ್ಲ. ಹೊಲಸು ಅನಿಸ್ತು."

ಒಣ ಗಂಟು ಬಿಗಿಯುವಾಗ ದಾರ ತಿಕ್ಕಾಟಕ್ಕೆ ಕಾದು ಬಲ ಕಳೆದುಕೊಳ್ಳುತ್ತದೆ. ಎಂಟು ವರ್ಷದವಳಿದ್ದಾಗ ಅಪ್ಪ ಹೇಳಿದ ಮಾತು ಅದು. ದಂಡೆಯ ಮೇಲೆ ಕುಳಿತು ಅತ್ತೆ. ಗಂಡ ಪಕ್ಕಕ್ಕೆ ಬಂದು ಬೆನ್ನು ಸವರಿ ಸಮಾಧಾನ ಹೇಳಿದ:

"ಹೋಗ್ಲಿ ಬಿಡು. ಪ್ಯಾಟಿಯಾಗ ಕೊಯ್ದು ಸ್ವಚ್ಛ ಮಾಡೇ ಕೊಡ್ತಾರ."

ಫೋಟೋ

ಮುಂದಿನ ರವಿವಾರದ ತನಕ ಗಾಳದ ಚೀಲಕ್ಕೆ ಬೀಗ ಹಾಕಿಟ್ಟೆ. ಆ ದಿನ ನನ್ನ ದಾರ, ನನ್ನ ಗಂಟು. ಅರ್ಧ ಗಂಟೆ ಜಗ್ಗಾಡಿ ಒಂದು ರೋಹು ಎಳೆದೆ. ಎತ್ತಲು ಎರಡೂ ಕೈ ಬೇಕು. ಕೈ ತೊಳೆಯಲು ಅದನ್ನು ಒಂದು ಗಳಿಗೆ ಗಂಡನಿಗೆ ಕೊಟ್ಟೆ. ದಾರಿಹೋಕನೊಬ್ಬ ಮೊಬೈಲ್ ತೆಗೆದ: "ಸಾಹೇಬ್ರ, ಥೋಡೆ ಮ್ಯಾಲ ಎತ್ರಿ!" ಗಂಡ ಎತ್ತಿದ. ಎತ್ತಿ ನಕ್ಕ ಕೂಡ.

ಮೆಹಕರದಲ್ಲಿ ಅಪ್ಪ ಮೀನನ್ನು ಬಿಟ್ಟು ಮೊದಲು ಗಂಟನ್ನು ನೋಡಿದ, ಬೆರಳಿಂದ ಸವರಿದ. "ಹಾಂ," ಅಂದ. ಅಷ್ಟು ಸಾಕಿತ್ತು ನನಗೆ.

ಫೋಟೋ ಮಾತ್ರ ಇಡೀ ಜಿಲ್ಲೆ ತಿರುಗಿತು. ತಿಂಗಳ ನಂತರ ದಾರ ಮುಗಿದು ಒಬ್ಬಳೇ ಬೀದರಿನ ಅದೇ ಅಂಗಡಿಗೆ ಹೋದರೆ, ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ನನ್ನ ಗಂಡ ಮೀನು ಹಿಡಿದು ನಗುತ್ತಿದ್ದಾನೆ, ಗಾಜಿನ ಚೌಕಟ್ಟಿನಲ್ಲಿ. ಹಿಂದೆ, ತಲೆ ಮೇಲೆ ಸೆರಗು ಹೊದ್ದ ನಾನು.

ಅಂಗಡಿಯವನಿಗೆ ನನ್ನ ಗುರುತು ಹತ್ತಲಿಲ್ಲ. "ಚಿಂತಿ ಬ್ಯಾಡ್ರಿ ಬಾಯಿ, ಈ ಸಾಹೇಬ್ರು ಒಯ್ದ ದಾರಾನೇ ಕೊಡ್ತೀನಿ. ಜಿಲ್ಲಾದಾಗ ಇವ್ರಷ್ಟು ತಿಳದವ್ರು ಇಲ್ಲ."

"ಹಿಂದ ನಿಂತಾಕಿ ಯಾರ್ರಿ?" ಅಂದೆ.

ಅವನು ಬಗ್ಗಿ ನೋಡಿ ಮರುಗಿದ. "ಅವರ ಹೆಣ್ತಿ ಇರಬೇಕ್ರಿ. ಪಾಪ, ಬಿಸಲಾಗ ಸುಮ್ಮ ಕರಕೊಂಡು ಬಂದಾರ."