ಗೋಡೆಯ ಆ ಕಡೆಯ ಒಪ್ಪಿಗೆ

ಹೈದರಾಬಾದಿನ ಹಳೇ ಊರಿನ ಮೊಯಿಜುದ್ದೀನ್ ಸಾಹೇಬರು ಫಂಕ್ಷನ್ ಹಾಲ್ ಕಟ್ಟಿಸುವಾಗ ಒಂದು ಬಾಗಿಲನ್ನು ಮರೆತರು. ಮರೆತರು ಅಂದರೆ ತಪ್ಪಾದೀತು, ಬೇಡವೆಂದು ಹಟ ಹಿಡಿದರು. ಗಂಡಸರ ಮರ್ದಾನಾಕ್ಕೂ ಹೆಂಗಸರ ಜನಾನಾಕ್ಕೂ ನಡುವೆ ತಳದಿಂದ ತಾರಸಿಯವರೆಗೆ ಗೋಡೆ ಎಬ್ಬಿಸಿ, "ಇರುವೆಗೂ ದಾರಿಯಿಲ್ಲ ನೋಡಿ!" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಅವರ ತಂಗಿಯ ಮಗಳು ತಹನಿಯತ್ ಕಟ್ಟಡ ವಿನ್ಯಾಸ ಓದಿದವಳು. "ಮಾಮೂ, ಮಧ್ಯೆ ಒಂದು ಬಾಗ್ಲು ಬಿಡಿ" ಅಂದಿದ್ದಳು. "ಹೆಂಗಸ್ರಿಗೆ ಈ ಕಡೆ ಏನಮ್ಮ ಕೆಲ್ಸ?" ಎಂದು ಸಾಹೇಬರು ನಕ್ಕುಬಿಟ್ಟಿದ್ದರು.

ಹಾಲ್‌ನಲ್ಲಿ ಮೊದಲ ಮದುವೆ ಅವಳದೇ ಆಯಿತು.

ವರ ಬಂದು ಕೂತ, ಖಾಜಿಗಳು ಕೂತರು. "ವಕೀಲ್ರು ಸಾಕ್ಷಿಗಳ್ನ ಕರ್ಕೊಂಡ್ಹೋಗಿ ಹುಡುಗಿ ಒಪ್ಪಿಗೆ ತಗೊಂಡ್ ಬನ್ನಿ" ಅಂದರು. ತಂದೆಯಿಲ್ಲದ ಹುಡುಗಿಯ ಪರವಾಗಿ ವಕೀಲರಾದವರು ಮಾವ ಮೊಯಿಜುದ್ದೀನರೇ. ಕರಿಕೋಟಿನ ವಕೀಲಿಕೆಯಲ್ಲ ಇದು. ಅವಳನ್ನು ಕೇಳಬೇಕು, ಬಂದು ಹೇಳಬೇಕು, ಅಷ್ಟೇ. ಸಾಹೇಬರು ಗತ್ತಿನಿಂದ ಎದ್ದು ಶೇರ್ವಾನಿ ಎಳೆದುಕೊಂಡು ನಾಲ್ಕು ಹೆಜ್ಜೆ ಇಟ್ಟರು. ಎದುರಿಗೆ ಗೋಡೆ.

"ಏನ್ ಸಾಹೇಬ್ರೆ, ನಿಂತೇಬಿಟ್ರಿ?" ಎಂದರು ಖಾಜಿಗಳು. "ನಂಗಿನ್ನೂ ಎರಡು ನಿಕಾಹ್ ಇದೆ."

ವರನ ತಂದೆ ಶರ್ಫುದ್ದೀನರು ಪಕ್ಕದವರ ಕಿವಿಯಲ್ಲಿ, ಇಡೀ ಹಾಲ್‌ಗೆ ಕೇಳುವಂತೆ, "ಹುಡುಗಿಗೇ ಮನಸ್ಸಿಲ್ವೋ ಏನೋ!" ಅಂದರು. ಇಂಥ ಮಾತು ಒಮ್ಮೆ ಎದ್ದರೆ ಊರು ತಿರುಗಿಯೇ ಮಲಗುವುದು. ಫೋನ್ ಮಾಡೋಣವೆಂದರೆ, ಯಾರೂ ಫೋಟೋ ತೆಗೆಯಬಾರದೆಂದು ಜನಾನಾದ ಫೋನುಗಳನ್ನೆಲ್ಲ ಬಾಗಿಲಲ್ಲೇ ಇಸಿದುಕೊಳ್ಳುವ ವ್ಯವಸ್ಥೆ ಮಾಡಿದವರೂ ಇವರೇ.

ಇಬ್ಬರು ಮುದಿ ಸಾಕ್ಷಿಗಳನ್ನು ಕಟ್ಟಿಕೊಂಡು ಗಲ್ಲಿ ಸುತ್ತಿ ಜನಾನಾ ಗೇಟಿಗೆ ಓಡಿದರು. ಅಲ್ಲಿ ಕಾವಲಿನ ಚಾಂದ್‌ಬೀ ದೊಣ್ಣೆ ಅಡ್ಡ ಹಿಡಿದಳು.

"ಗಂಡಸ್ರಿಗೆ ಪ್ರವೇಶ ಇಲ್ಲ."

"ಏ, ನಾನು ಕಣೇ! ಮಾಲೀಕ!"

"ಮಾಲೀಕ ಬಂದ್ರೂ ಬಿಡ್ಬೇಡ ಅಂತ ಹೇಳ್ದೋರು ಯಾರು ಸಾಬ್? ನೀವೇ ತಾನೆ?"

"ಈಗ ನಾನೇ ಹೇಳ್ತಿದೀನಿ, ಬಿಡು!"

"ನಾನೇ ಬೇಡ್ಕೊಂಡ್ರೂ ಬಿಡ್ಬೇಡ ಅಂತಾನೂ ಹೇಳಿದ್ರಿ."

ಮಾಡಿದ್ದುಣ್ಣೋ ಮಹರಾಯ! ಮೂವರೂ ಬೆವರಿಳಿಸುತ್ತ ವಾಪಸು ಬಂದರು. ಉಳಿದದ್ದು ಒಂದೇ ದಾರಿ. ಅಡುಗೆಮನೆಯ ಗೋಡೆಯಲ್ಲಿ ಊಟ ದಾಟಿಸುವ ಒಂದು ತಿರುಗುವ ಬೀರು ಇತ್ತು. ಈ ಕಡೆ ಬಿರಿಯಾನಿ ಇಟ್ಟು ತಿರುಗಿಸಿದರೆ ಆ ಕಡೆ ಹೋಗುತ್ತದೆ, ಕಣ್ಣು ಮಾತ್ರ ಹೋಗುವುದಿಲ್ಲ. ಸಾಹೇಬರು ಅದರೊಳಗೆ ಕುಕ್ಕರಗಾಲಲ್ಲಿ ಕೂತರು. ಸಾಕ್ಷಿಗಳು ನೂಕಿದರು. ಬೀರು ಅರ್ಧ ತಿರುಗಿ, ಸಾಹೇಬರ ಹೊಟ್ಟೆಗೆ ಸಿಕ್ಕಿಕೊಂಡು ನಿಂತಿತು. ಆ ಕಡೆಯಿಂದ ಬಳೆಗಳ ಕೈಯೊಂದು ಸಂದಿಯಲ್ಲಿ ಬಂದು ಅವರ ಮಡಿಲಿಗೆ ಖಾಲಿ ಬಟ್ಟಲು ಇಟ್ಟಿತು. "ಭಾಯ್, ಮಿರ್ಚಿ ಸಾಲನ್ ಇನ್ನೊಂಚೂರು."

"ಸಾಲನ್ ಅಲ್ಲಮ್ಮ, ನಾನು ವಕೀಲ! ತಹನಿಯತ್‌ನ ಕರೀರಿ!"

ರೇಷ್ಮೆಯ ಸರಬರ ಹತ್ತಿರ ಬಂತು. ಸಾಹೇಬರು ಗಂಟಲು ಸರಿಮಾಡಿಕೊಂಡು, ವರನ ಹೆಸರು, ಅವನು ಕೊಡುವ ಮೆಹರಿನ ಹಣ ಎಲ್ಲ ಹೇಳಿ, "ಒಪ್ಪಿಗೆಯೇನಮ್ಮ?" ಎಂದರು.

"ಬೀರು ಕೇಳಿದ್ರೆ ನಾನು ಹೇಗೆ ಉತ್ತರ ಕೊಡ್ಲಿ ಮಾಮೂ? ಸಾಕ್ಷಿಗಳೆಲ್ಲಿ? ನಂಗೆ ಒಬ್ರ ಮುಖಾನೂ ಕಾಣ್ತಿಲ್ಲ. ಬಾಗ್ಲಿಂದ ಬಂದು ಎದುರಿಗೆ ಕೂತು ಕೇಳಿ."

"ಬಾಗ್ಲು ಎಲ್ಲಿದೆ ತಾಯೀ?"

"ಅದನ್ನ ಕಟ್ಟಿಸ್ದೋರನ್ನ ಕೇಳಿ."

ಆ ಕಡೆ ನಗೆ ಸಿಡಿಯಿತು. ಈ ಕಡೆ ಖಾಜಿಗಳು ಚಪ್ಪಲಿ ಹುಡುಕುತ್ತಿದ್ದಾರೆಂದು ಯಾರೋ ಕೂಗಿದರು. ಸಾಹೇಬರನ್ನು ಕಾಲು ಹಿಡಿದು ಎಳೆದು ಹೊರತೆಗೆದರು. ಅವರು ಹೊಟ್ಟೆ ಸವರಿಕೊಂಡು, ಅಳುಮೋರೆ ಮಾಡಿಕೊಂಡು, ಪೆಂಡಾಲಿನವರ ಕಡೆ ತಿರುಗಿ ಅರಚಿದರು: "ಸುತ್ತಿಗೆ ತನ್ನಿ! ಒಡೀರಿ ಗೋಡೆ!"

ಒಡೆದರು. ವರನ ಪೇಟದ ಮೇಲೆ ಸಿಮೆಂಟು ಉದುರಿತು. ಖಾಜಿಗಳು ಕೆಮ್ಮಿದರು. ಹೆಂಗಸರು ಸೆರಗು ಎಳೆದುಕೊಂಡು ದಾರಿ ಬಿಟ್ಟರು. ಬೂದಿ ಬಳಿದ ಬೈರಾಗಿಯಂತಾಗಿದ್ದ ಸಾಹೇಬರು ತೂತಿನಿಂದ ತೂರಿ, ಸಾಕ್ಷಿಗಳೊಡನೆ ತಹನಿಯತ್‌ಳ ಎದುರು ಕೂತು ಕೇಳಿದರು. ಅವಳು ಮುಖವೆತ್ತಿ ನೋಡಿ, ಸ್ಪಷ್ಟವಾಗಿ "ಒಪ್ಪಿದೆ" ಅಂದಳು. ಒಬ್ಬ ಸಾಕ್ಷಿ ತೂತಿನಲ್ಲೇ ತಲೆ ಹಾಕಿ ಅದನ್ನು ಕೂಗಿದ. ಖಾಜಿಗಳು ನಿಕಾಹ್ ಓದಿದರು, ಒಣಖರ್ಜೂರ ಹಾರಾಡಿತು. ಸಾಹೇಬರಿಗೆ ಸಂತೋಷದಿಂದ ಕಣ್ಣೀರೇ ಬಂತು.

ಅಷ್ಟರಲ್ಲಿ ಅವರ ಹೆಂಡತಿ ಜೊಹ್ರಾ ಬೇಗಂ ಬಂದರು.

"ಅಲ್ರೀ, ಒಳ್ಳೇ ಗೋಡೆ ಯಾಕ್ರೀ ಒಡೆದ್ರಿ? ಬಾಗ್ಲು ಇತ್ತಲ್ಲ."

"ಬಾಗ್ಲಾ? ಯಾವ ಬಾಗ್ಲು?"

"ನೀವು ಮೆಕ್ಕಾಗೆ ಉಮ್ರಾಕ್ಕೆ ಹೋಗಿದ್ರಲ್ಲ, ಆಗ ಮೇಸ್ತ್ರಿಗೆ ಹೇಳಿ ಇಡಿಸ್ದೆ. ತಹನಿಯತ್ ನಕ್ಷೆ ಹಾಕ್ಕೊಟ್ಳು. ಚಿಲಕ ನಮ್ಮ ಕಡೆ."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ? ಖಾಜಿಗಳು ಎದ್ದು ಹೋಗಿದ್ರೆ?"

"ನಿಜ್ವಾಗ್ಲೂ ಹೊರಟಿದ್ರೆ ತೆಗೀತಿದ್ವಿ. ಮೊದ್ಲೇ ಹೇಳಿದ್ರೆ ಅಲ್ಲೂ ಒಬ್ಬ ಚಾಂದ್‌ಬೀನ ನಿಲ್ಲಿಸ್ತಿದ್ರಿ ನೀವು."

"ಎಲ್ಲಿದೆ ಅದು? ತೋರ್ಸು ನಂಗೆ!"

ಜೊಹ್ರಾ ಬೇಗಂ ತಹನಿಯತ್‌ಳನ್ನು ನೋಡಿದರು. ತಹನಿಯತ್ ಮದುವಣಗಿತ್ತಿಗೆ ತಕ್ಕಂತೆ ತಲೆ ತಗ್ಗಿಸಿದಳು. ಅಷ್ಟರಲ್ಲಿ ಹಿಂದಿನಿಂದ ದೊಣ್ಣೆಯ ಸದ್ದು ಕೇಳಿಸಿತು.

"ಯಾರ್ರೀ ಅದು ಜನಾನಾದಲ್ಲಿ ಗಂಡಸು?" ಎಂದು ಚಾಂದ್‌ಬೀ ಸಾಹೇಬರ ಧೂಳು ಹಿಡಿದ ತೋಳು ಹಿಡಿದಳು. "ನಡೀರಿ ಸಾಬ್, ಆಚೆ. ತೂತಿಂದ ಅಲ್ಲ, ಆ ಕಡೆ ಪರದೆ ಕಟ್ತಿದಾರೆ. ಗಲ್ಲಿ ಸುತ್ತಿ ಹೋಗಿ."